ಆಟದ ಎಂಜಿನ್ನಿಗೆ ದನಿ ಕೂಡಿಸುವವರು ಯಾರು?

'ದುಡ್ಡು ಕೊಟ್ಟರೆ ಸಿದ್ಧವಾಗಿ ಸಿಗುವುದನ್ನು ಕಷ್ಟಪಟ್ಟು ಮಾಡಿಕೊಳ್ಳುವುದು ಯಾವ ಜಾಣತನ?' ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದ ಆರು ತಿಂಗಳಲ್ಲಿ ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಟ್ಟಿಲ್ಲ. ಕೇಳಿದವರೆಲ್ಲ ನನ್ನ ಹಿತೈಷಿಗಳೇ. ಮಗ ಕೇಳಿದ, ಸೊಸೆ ನಗುತ್ತಲೇ ಕೇಳಿದಳು, ಮಾದರಿ ರೈಲುಗಳ ಅಂಗಡಿಯಾತ ಬಹು ವಿನಯದಿಂದ ಕೇಳಿದ. ಅಲ್ಲಿಯೇ ಉತ್ತರ ಕೊಡಲು ನನ್ನ ಇಂಗ್ಲಿಷು ಸಾಲದಾಯಿತು. ಈಗ ಊರಿಗೆ ಮರಳಿದ್ದೇನೆ. ನನ್ನ ಮೇಜು, ನನ್ನ ಕುರ್ಚಿ, ನನ್ನ ಭಾಷೆ. ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ವಿಷಯ ಅತ್ಯಲ್ಪವಾದದ್ದು: ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ಆಟದ ಡೀಸೆಲ್ ರೈಲು ಎಂಜಿನ್ನು, ಅದರ ಹೊಟ್ಟೆಯಲ್ಲಿ ಕೂರಿಸಬೇಕಾದ 'ಸೌಂಡ್ ಡಿಕೋಡರ್' ಎಂಬ ಬಿಲ್ಲೆ. ಇಂಥ ಕ್ಷುಲ್ಲಕ ವಸ್ತುವಿಗಾಗಿ ಇಷ್ಟು ಆವೇಶವೇ ಎಂದು ಓದುಗರು ಹುಬ್ಬೇರಿಸಬಹುದು. ಹೌದು, ಇಷ್ಟು ಆವೇಶವೇ. ಕಾರಣವನ್ನು ಹೇಳದೆ ಬಿಡುವುದಿಲ್ಲ.

ಈ ವ್ಯವಸ್ಥೆಯನ್ನು ಅರಿಯದವರಿಗಾಗಿ ನಾಲ್ಕು ಮಾತು. ಹಿಂದಿನ ಆಟದ ರೈಲುಗಳಲ್ಲಿ ಹಳಿಗೆ ಕೊಡುವ ವಿದ್ಯುತ್ತಿನ ಒತ್ತಡ ಹೆಚ್ಚಿಸಿದರೆ ಗಾಡಿ ವೇಗವಾಗಿ ಓಡುತ್ತಿತ್ತು, ತಗ್ಗಿಸಿದರೆ ನಿಧಾನವಾಗುತ್ತಿತ್ತು. ಒಂದೇ ಹಳಿಯ ಮೇಲೆ ಎರಡು ಎಂಜಿನ್ನಿಟ್ಟರೆ ಎರಡೂ ಒಟ್ಟಿಗೇ ಓಡುತ್ತಿದ್ದವು. ಈಗಿನ ಡಿ.ಸಿ.ಸಿ. ಎಂಬ ಪದ್ಧತಿಯಲ್ಲಿ ಹಾಗಲ್ಲ. ಅಮೆರಿಕದ ಮಾದರಿ ರೈಲು ಸಂಘಟನೆಯಾದ ಎನ್.ಎಂ.ಆರ್.ಎ. 1994ರಲ್ಲಿ ಇದನ್ನು ಪ್ರಮಾಣೀಕರಿಸಿತು. ಇದರಲ್ಲಿ ಹಳಿಯ ಮೇಲೆ ಸದಾಕಾಲ ಸುಮಾರು 14–15 ವೋಲ್ಟು ಇರುತ್ತದೆ. ಆದರೆ ಅದರ ಧನ ಋಣಗಳು ಕ್ಷಣಕ್ಷಣಕ್ಕೂ ಅದಲುಬದಲಾಗುತ್ತಿರುತ್ತವೆ. ಆ ಬದಲಾವಣೆಯ ಅವಧಿಯೇ ಭಾಷೆ. ಪ್ರತಿ ಅರ್ಧ 58 ಮೈಕ್ರೊಸೆಕೆಂಡು ಇದ್ದರೆ ಅದು 'ಒಂದು'. 100 ಮೈಕ್ರೊಸೆಕೆಂಡು ಅಥವಾ ಇನ್ನೂ ದೀರ್ಘವಾಗಿದ್ದರೆ 'ಸೊನ್ನೆ'. ಈ ಒಂದು ಸೊನ್ನೆಗಳ ಸಾಲಿನಲ್ಲಿ ತನ್ನ ಸಂಖ್ಯೆಯನ್ನು ಗುರುತಿಸಿ, ತನಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುವ ಬಿಲ್ಲೆಯೇ ಡಿಕೋಡರ್. ಸೌಂಡ್ ಡಿಕೋಡರ್ ಆದರೆ ಅದರಲ್ಲಿ ನಿಜವಾದ ಎಂಜಿನ್ನಿನಿಂದ ಮುದ್ರಿಸಿಕೊಂಡ ಧ್ವನಿಯೂ ಒಂದು ಪುಟ್ಟ ಆಂಪ್ಲಿಫಯರೂ ಸೇರಿರುತ್ತವೆ.

ಇಂಥ ಬಿಲ್ಲೆಯನ್ನು ಕಾರ್ಖಾನೆಯಲ್ಲಿಯೇ ಕೂರಿಸಿದ ಎಂಜಿನ್ನುಗಳು ಧಾರಾಳವಾಗಿ ಸಿಗುತ್ತವೆ. ಪೆಟ್ಟಿಗೆ ಬಿಚ್ಚಿ, ಹಳಿಯ ಮೇಲಿಟ್ಟು, ಗುಂಡಿ ಒತ್ತಿದರಾಯಿತು. ಇದೇ ಸರಿಯಾದ ಮಾರ್ಗವೆಂಬುದು ನನ್ನ ಎದುರಾಳಿಗಳ ವಾದ. ಮನೆಯಲ್ಲಿ ಹತ್ತು ಹನ್ನೆರಡು ವಯಸ್ಸಿನ ಮಗುವಿದ್ದರೆ ಇದು ಸರಿಯಾದ ಮಾರ್ಗವೇ ಅಲ್ಲವೆಂಬುದು ನನ್ನ ವಾದ.

ನಮ್ಮ ಎಂಜಿನ್ನು ಒಂದು ಹಳೆಯ ಸಾಮಾನುಗಳ ಸಂತೆಯಲ್ಲಿ ಸಿಕ್ಕಿದ್ದು. ಆಲ್ಕೋ ಕಂಪನಿಯ 'ಸೆಂಚುರಿ 628' ಎಂಬ 1960ರ ದಶಕದ ಆರು ಅಚ್ಚಿನ ಡೀಸೆಲ್ ಎಂಜಿನ್ನಿನ ಮಾದರಿ. ನಿಜದ 87ರಲ್ಲೊಂದು ಪಾಲು ಅಳತೆ. ಮೊಮ್ಮಗನಿಗೆ ಅದರ ಬಣ್ಣ ಹಿಡಿಸಿತು. ನನಗೆ ಹಿಡಿಸಿದ್ದು ಅದರ ಹೆಸರು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೋ ಕಾರ್ಖಾನೆಯಿಂದಲೇ 1962ರಲ್ಲಿ ನಮ್ಮ ದೇಶಕ್ಕೆ ಮೊದಲ ಡಬ್ಲ್ಯು.ಡಿ.ಎಂ.-2 ಎಂಜಿನ್ನುಗಳು ಬಂದವು. 1964ರಿಂದ ವಾರಾಣಸಿಯಲ್ಲಿ ಅವನ್ನು ನಾವೇ ಕಟ್ಟತೊಡಗಿದೆವು. 1969ರಲ್ಲಿ ಆಲ್ಕೋ ಎಂಜಿನ್ನು ಕಟ್ಟುವುದನ್ನು ನಿಲ್ಲಿಸಿತು. ವಾರಾಣಸಿಯಲ್ಲಿ ಅದರ ಸಂತತಿ ಮುಂದೆ ದಶಕಗಳ ಕಾಲ ಬೆಳೆಯಿತು. ಡಬ್ಲ್ಯು.ಡಿ.ಎಂ.-2ರೊಳಗಿದ್ದದ್ದೂ ಈ ಸೆಂಚುರಿಯೊಳಗಿದ್ದದ್ದೂ ಒಂದೇ ವಂಶದ, 251 ಎಂಬ ಹೆಸರಿನ ಹದಿನಾರು ಸಿಲಿಂಡರಿನ ಯಂತ್ರ. ನಮ್ಮ ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜ್ ಕಾಲದಲ್ಲಿ ನಿಲ್ಲುತ್ತಿದ್ದ ವೈ.ಡಿ.ಎಂ.-4 ಕೂಡ ಆರು ಸಿಲಿಂಡರಿನ ಅದರ ಚಿಕ್ಕ ತಮ್ಮನೇ. ನಿಂತಲ್ಲೇ ಒಂದು ಬಗೆಯಲ್ಲಿ ಎಡವುತ್ತ ಎಡವುತ್ತ ಉಸಿರಾಡುವ ಆ ಸದ್ದನ್ನು ಬಾಲ್ಯದಲ್ಲಿ ಕೇಳಿದವರು ಮರೆಯಲಾರರು. ಅಂದ ಮೇಲೆ ಈ ಎಂಜಿನ್ನು ಮೂಕವಾಗಿರುವುದು ನನಗೆ ಸಹಿಸದಾಯಿತು.

ಮಗನೆಂದ: 'ಅಪ್ಪಾ, ಇದನ್ನು ಶೋಕೇಸಿನಲ್ಲಿಡಿ. ಸೌಂಡ್ ಇರುವ ಹೊಸದೊಂದನ್ನು ತರಿಸಿಕೊಡುತ್ತೇನೆ. ಆ ಹುಡುಗನ ಕೈಗೆ ಸಾಲ್ಡರಿಂಗ್ ಐರನ್ ಕೊಡಬೇಡಿ.'

ಈ ಕೊನೆಯ ವಾಕ್ಯವೇ ನನ್ನನ್ನು ಕೆಣಕಿದ್ದು. ಅದರಲ್ಲಿ ನನಗೆ ನನ್ನದೇ ದನಿ ಕೇಳಿಸಿತು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಕಲಿಸಿದೆ ಎಂದು ಹೇಳಿಕೊಳ್ಳುತ್ತ ಬಂದವನು ಎಂದರೆ ಹೆಚ್ಚು ಸರಿ. ನಮ್ಮ ಪ್ರಯೋಗಶಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಅದರಲ್ಲಿ ಗ್ಯಾಲ್ವನೊಮೀಟರು, ಶ್ರುತಿಕವೆಗಳು, ಒಂದು ಮಲ್ಟಿಮೀಟರು, ಹಸ್ತಚಾಲಿತ ಡೈನಮೋ ಎಲ್ಲ ಇದ್ದವು. ಬೀಗದ ಕೈ ನನ್ನ ಜೇಬಿನಲ್ಲಿ. ಪ್ರತಿ ವರ್ಷ ಸ್ಟಾಕ್ ರಿಜಿಸ್ಟರಿನೊಂದಿಗೆ ತಾಳೆ ನೋಡಿ ಸಹಿ ಮಾಡುವ ಹೊಣೆಯೂ ನನ್ನದು. ಒಂದು ವಸ್ತು ಮುರಿದರೆ ಮೇಲಿನವರಿಗೆ ವಿವರಣೆ ಕೊಡಬೇಕು. ಆದ್ದರಿಂದ ನಾನು ಡೈನಮೋವನ್ನು ಮೇಜಿನ ಮೇಲಿಟ್ಟು ದೂರದಿಂದ ತೋರಿಸಿ, ಫ್ಲೆಮಿಂಗನ ಬಲಗೈ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಮತ್ತೆ ಕಪಾಟಿನೊಳಗಿಟ್ಟು ಬೀಗ ಹಾಕುತ್ತಿದ್ದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಾನಿಲ್ಲದ ವೇಳೆ ಗ್ಯಾಲ್ವನೊಮೀಟರಿನ ಹಿಂಬದಿಯ ತಿರುಪು ಬಿಚ್ಚಿಬಿಟ್ಟಿದ್ದ. ಅಂಗೈ ಕೆಂಪಾಗುವಂತೆ ಬಾರಿಸಿದೆ. ಅವನು ಅದನ್ನು ಕೆಡಿಸಿರಲಿಲ್ಲ. ಒಳಗಿನ ಸುರುಳಿಯನ್ನು ನೋಡಬೇಕೆಂದಿದ್ದ, ಅಷ್ಟೇ. ನಾನು ಹೇಳಿಕೊಡುತ್ತಿದ್ದುದು ಆ ಸುರುಳಿಯ ಪಾಠವನ್ನೇ.

ಆ ಹುಡುಗನ ವಿಚಾರ ಮುಂದೆ ಬರುತ್ತದೆ.

ಆದ್ದರಿಂದ ನಾನು ಹಟ ಹಿಡಿದೆ. ಮೊಮ್ಮಗನ ಕೈಗೆ ಮೊದಲು ಮಲ್ಟಿಮೀಟರು, ಆಮೇಲೆ ಸಾಲ್ಡರಿಂಗ್ ಐರನ್ ಕೊಟ್ಟೆ. ಮೇಲ್ಕವಚ ತೆಗೆದು ನೋಡಿದರೆ ಹಳೆಯ ವಿನ್ಯಾಸ. ಮೋಟಾರಿನ ಒಂದು ಬ್ರಷ್ಷು ನೇರವಾಗಿ ಲೋಹದ ಚೌಕಟ್ಟಿಗೇ ತಾಗಿಕೊಂಡು ಅದರ ಮೂಲಕವೇ ಹಳಿಯಿಂದ ವಿದ್ಯುತ್ ಪಡೆಯುತ್ತಿತ್ತು. ಡಿಕೋಡರ್ ಹಾಕುವವನು ಕಲಿಯಬೇಕಾದ ಮೊದಲ ಮತ್ತು ಬಹುಮಟ್ಟಿಗೆ ಏಕೈಕ ಧರ್ಮಸೂತ್ರ ಇಲ್ಲಿದೆ: ಹಳಿಯಿಂದ ಬರುವ ವಿದ್ಯುತ್ತು ಡಿಕೋಡರಿಗೆ ಮಾತ್ರ ಹೋಗಬೇಕು, ಮೋಟಾರಿಗೆ ಹೋಗುವುದು ಡಿಕೋಡರಿನಿಂದ ಮಾತ್ರ ಹೋಗಬೇಕು. ಮೋಟಾರಿನ ಎರಡು ತುದಿಗಳಲ್ಲಿ ಯಾವುದೊಂದೂ ಚೌಕಟ್ಟಿಗಾಗಲಿ ಚಕ್ರಕ್ಕಾಗಲಿ ಸೋಂಕಬಾರದು. ಸೋಂಕಿದರೆ ಹಳಿಯ ಮೇಲಿಟ್ಟ ಕ್ಷಣವೇ ಬಿಲ್ಲೆ ಸುಟ್ಟುಹೋಗುತ್ತದೆ.

ತಂತಿಗಳ ಬಣ್ಣಕ್ಕೊಂದು ನಿಯಮವಿದೆ. ಕೆಂಪು ಬಲಹಳಿಯಿಂದ, ಕಪ್ಪು ಎಡಹಳಿಯಿಂದ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ನೀಲಿ ದೀಪಗಳೆಲ್ಲಕ್ಕೂ ಸಾಮಾನ್ಯವಾದ ಧನತುದಿ. ಸ್ಪೀಕರಿನ ತಂತಿ ಕೆಲವರದು ನೇರಳೆ, ಕೆಲವರದು ಕಂದು. ಮೊಮ್ಮಗ ಇದನ್ನು ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಿದ. ಎರಡು ದಿನ ಅಭ್ಯಾಸಕ್ಕೆಂದು ಹಳೆಯ ತಂತಿಗಳನ್ನು ಬೆಸೆದ. ಬೆರಳು ಒಮ್ಮೆ ಸುಟ್ಟುಕೊಂಡ, ತಣ್ಣೀರಿನಲ್ಲಿಟ್ಟುಕೊಂಡ, ಅಮ್ಮನಿಗೆ ಹೇಳಬೇಡಿರೆಂದ.

ಮೂರನೆಯ ದಿನ ಬಿಲ್ಲೆ ಸುಟ್ಟಿತು. ಸುಟ್ಟವನು ಹುಡುಗನಲ್ಲ, ನಾನು.

ಬ್ರಷ್ಷಿನ ಕೆಳಗೆ ಶಾಖ ತಾಳುವ ಟೇಪನ್ನು ಅವನು ಸರಿಯಾಗಿಯೇ ಅಂಟಿಸಿದ್ದ. ಮೋಟಾರನ್ನು ಮರಳಿ ಕೂರಿಸುವಾಗ ನಾನು ತಿರುಪನ್ನು ಬಿಗಿ ಮಾಡಿದ್ದು ಅತಿಯಾಗಿ, ಟೇಪು ಹರಿದು ಬ್ರಷ್ಷಿನ ತಗಡು ಚೌಕಟ್ಟಿಗೆ ಒತ್ತಿತ್ತು. 'ತಾತ, ಇನ್ನೊಂದು ಸಲ ಮೀಟರ್ ಹಚ್ಚಿ ನೋಡಿದಿರಾ?' ಎಂದು ಅವನು ಕೇಳಿದ. 'ಆಗಲೇ ನೋಡಿಯಾಯಿತಲ್ಲ' ಎಂದೆ. ನೋಡಿದ್ದು ತಿರುಪು ಹಾಕುವ ಮೊದಲು. ಅಷ್ಟು ಸಾಲದೆಂಬಂತೆ, ಅತಿ ಸ್ವಲ್ಪ ವಿದ್ಯುತ್ತು ಮಾತ್ರ ಹರಿಯಗೊಡುವ ಪರೀಕ್ಷಾ ಹಳಿಯ ಮೇಲಿಡದೆ ನೇರವಾಗಿ ಮುಖ್ಯ ಹಳಿಯ ಮೇಲಿಟ್ಟೆ. ಸಣ್ಣದೊಂದು ಎಳೆ ಹೊಗೆ, ಸುಟ್ಟ ಬೇಕಲೈಟಿನಂಥ ವಾಸನೆ. ನೂರು ಡಾಲರಿಗೂ ಮೇಲ್ಪಟ್ಟ ಬೆಲೆ. ನನ್ನ ಪಿಂಚಣಿಯ ಲೆಕ್ಕದಲ್ಲಿ ಅದನ್ನು ರೂಪಾಯಿಗೆ ಪರಿವರ್ತಿಸುವ ಧೈರ್ಯ ಆ ರಾತ್ರಿ ನನಗಾಗಲಿಲ್ಲ.

ಊಟದ ಮೇಜಿನಲ್ಲಿ ಮಗ ಏನೂ ಅನ್ನಲಿಲ್ಲ. ಅನ್ನದಿರುವುದೇ ಒಂದು ಬಗೆಯ ಅನ್ನುವಿಕೆ.

ಎದುರಾಳಿಗಳ ಬಲವಾದ ವಾದವೇ ಇದು, ಅದನ್ನು ಮರೆಮಾಚುವುದಿಲ್ಲ. ಕಲಿಯುವವನು ಕೆಡಿಸುತ್ತಾನೆ; ಕೆಡಿಸಿದ್ದಕ್ಕೆ ಬೆಲೆ ತೆರಬೇಕು; ಕಾರ್ಖಾನೆಯವನು ಕೆಡಿಸುವುದಿಲ್ಲ, ಕೆಡಿಸಿದರೆ ಖಾತರಿಯಿದೆ. ಕವಚ ಬಿಚ್ಚಿದರೆ ಖಾತರಿ ರದ್ದಾಗಬಹುದು. ಎಲ್ಲವೂ ನಿಜ. ಆದರೆ ಯೋಚಿಸಿ: ಆ ಸುಟ್ಟ ಬಿಲ್ಲೆಯನ್ನು ಮುಂದಿಟ್ಟುಕೊಂಡು ಮೊಮ್ಮಗ ಮಾಡಿದ ಮೊದಲ ಕೆಲಸವೇನು? ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ರಷ್ಷಿಗೂ ಇನ್ನೊಂದನ್ನು ಚಕ್ರಕ್ಕೂ ತಾಗಿಸಿದ. ಮೀಟರು ಕೀಚೆಂದು ಕೂಗಿತು. ತಿರುಪನ್ನು ಅರ್ಧ ಸುತ್ತು ಸಡಿಲಿಸಿದ. ಕೂಗು ನಿಂತಿತು. ಮತ್ತೆ ಬಿಗಿ ಮಾಡಿದ, ಕೂಗಿತು. 'ಇಲ್ಲಿ, ತಾತ' ಎಂದ. ಮೂವತ್ತು ವರ್ಷ ನಾನು ಕಪ್ಪುಹಲಗೆಯ ಮೇಲೆ ಬರೆದ 'ವಿದ್ಯುತ್ ಮಂಡಲವು ಪೂರ್ಣಗೊಂಡಾಗ ಮಾತ್ರ' ಎಂಬ ವಾಕ್ಯ ಒಬ್ಬ ಹುಡುಗನ ಬೆರಳ ತುದಿಗಿಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾರ್ಖಾನೆಯ ಖಾತರಿಪತ್ರದಲ್ಲಿ ಇದು ಸಿಗುವುದಿಲ್ಲ.

ಎರಡನೆಯ ಬಿಲ್ಲೆ ನನ್ನ ಹಣದಿಂದಲೇ ಬಂತು. ಈ ಸಲ ಪರೀಕ್ಷಾ ಹಳಿ, ಈ ಸಲ ತಿರುಪು ಬಿಗಿದ ಮೇಲೂ ಮೀಟರು. ಓಡಿತು.

ಆದರೆ ದನಿ ಮಾತ್ರ ಸೊಳ್ಳೆಯ ದನಿ. ತಗಡಿನ ಡಬ್ಬಿಯೊಳಗೆ ಯಾರೋ ಗೊಣಗಿದಂತೆ. ಅಂಗಡಿಯಾತ ಕೊಟ್ಟ ಸ್ಪೀಕರು ಮೊಬೈಲ್ ಫೋನಿನಲ್ಲಿರುವಂಥದು, ಹೆಬ್ಬೆರಳ ಉಗುರಿನಷ್ಟು. ನಾವು ಅದನ್ನು ಹಾಗೆಯೇ ಕವಚದ ಒಳಮೈಗೆ ಅಂಟಿಸಿದ್ದೆವು. ಇಲ್ಲಿ ಆ ಗ್ಯಾಲ್ವನೊಮೀಟರಿನ ಹುಡುಗ ನನ್ನ ಸಹಾಯಕ್ಕೆ ಬಂದ.

ಅವನು ಹತ್ತನೆಯ ತರಗತಿ ಮುಗಿಸಿ ಮುಂದೆ ಓದಲಿಲ್ಲ. ಪಟ್ಟಣದ ಬಸ್ ನಿಲ್ದಾಣದ ಬಳಿ ರೇಡಿಯೊ ರಿಪೇರಿ ಅಂಗಡಿ ಇಟ್ಟ. ಒಮ್ಮೆ ನನ್ನ ಹಳೆಯ ಮರದ ಪೆಟ್ಟಿಗೆಯ ರೇಡಿಯೊ ಕೆಟ್ಟಾಗ, ಸಂಕೋಚಪಡುತ್ತಲೇ ಅಲ್ಲಿಗೆ ಒಯ್ದೆ. ಅವನು ಎದ್ದು ನಿಂತು ನಮಸ್ಕರಿಸಿ, ಸ್ಟೂಲು ಹಾಕಿ ಕೂರಿಸಿ, ರೇಡಿಯೊ ಬಿಚ್ಚಿ ಸರಿಪಡಿಸಿದ. ಸ್ಪೀಕರನ್ನು ಪೆಟ್ಟಿಗೆಯಿಂದ ಹೊರತೆಗೆದು ಕೈಯಲ್ಲಿ ಹಿಡಿದು ನುಡಿಸಿದ. ದನಿ ಕೃಶವಾಗಿ ಕೇಳಿಸಿತು. ಮರಳಿ ಪೆಟ್ಟಿಗೆಗೆ ಒತ್ತಿಹಿಡಿದ, ದನಿ ತುಂಬಿಕೊಂಡಿತು. 'ನೋಡಿ ಸಾರ್, ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಒಂದನ್ನೊಂದು ತಿಂದುಹಾಕ್ತವೆ. ನಡುವೆ ಗೋಡೆ ಬೇಕು' ಎಂದ. ಹಣ ತೆಗೆದುಕೊಳ್ಳಲಿಲ್ಲ. ತರಂಗಗಳ ವ್ಯತಿಕರಣವನ್ನು ನಾನು ಅಷ್ಟು ವರ್ಷ ಬೋಧಿಸಿದ್ದೆ. ಸ್ಪೀಕರಿನ ಮುಂದೆ ಸಾಂದ್ರವಾದ ಗಾಳಿ ಹಿಂದೆ ವಿರಳವಾಗಿರುತ್ತದೆ, ಎರಡೂ ಕೂಡಿದರೆ ಶೂನ್ಯ, ಅದರಲ್ಲೂ ತಗ್ಗುಶ್ರುತಿಗಳಿಗೆ ಇದು ಮಾರಕ ಎಂಬುದು ಅದೇ ಪಾಠದ ಅನ್ವಯವೆಂದು ನನಗೆ ಹೊಳೆದದ್ದು ಅವನ ಸ್ಟೂಲಿನ ಮೇಲೆ ಕೂತಾಗ.

ಅವನ ಅಂಗೈಯನ್ನು ಅಂದು ನೋಡುವ ಧೈರ್ಯ ನನಗಿರಲಿಲ್ಲ.

ನಾವು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಐದು ಬದಿ ಮುಚ್ಚಿದ ಪುಟ್ಟ ಪೆಟ್ಟಿಗೆ ಮಾಡಿ, ಸಂದಿಗಳಿಗೆಲ್ಲ ಅಂಟು ಬಳಿದು, ಸ್ಪೀಕರನ್ನು ಅದರ ಬಾಯಿಗೆ ಮುಚ್ಚಳದಂತೆ ಕೂರಿಸಿದೆವು. ಆಗ ಕೇಳಬೇಕಿತ್ತು! ಲೆಕ್ಕ ಹಾಕಿ ನೋಡೋಣವೆಂದು ಮೊಮ್ಮಗನನ್ನು ಕೂರಿಸಿದೆ. ನಮ್ಮ ಡಬ್ಲ್ಯು.ಡಿ.ಎಂ.-2 ನಿಂತಲ್ಲಿ ನಿಮಿಷಕ್ಕೆ 400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಆರೂ ಮುಕ್ಕಾಲು ಸುತ್ತಿನಷ್ಟು. ನಾಲ್ಕು ಹೊಡೆತದ ಯಂತ್ರವಾದ್ದರಿಂದ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಹದಿನಾರು ಸಿಲಿಂಡರಿಗೆ ಸುತ್ತಿಗೆ ಎಂಟು ಸಿಡಿತ. ಸೆಕೆಂಡಿಗೆ ಸುಮಾರು 53. ಪೂರ್ಣ ವೇಗದ 1000 ಸುತ್ತಿನಲ್ಲಿ ಸುಮಾರು 133. ಉಗುರಿನಷ್ಟು ಸ್ಪೀಕರು 53 ಕಂಪನದ ಶ್ರುತಿಯನ್ನು ಹೊರಡಿಸುವುದು ಅಸಾಧ್ಯ. ಆದರೂ ನಮಗೆ ಆ ಗಂಭೀರ ದನಿ ಕೇಳಿಸುತ್ತದೆಯಲ್ಲ, ಹೇಗೆ? ಅದರ ಮೇಲಿನ ಉಪಸ್ವರಗಳನ್ನು ಕೇಳಿದ ನಮ್ಮ ಕಿವಿ ಮತ್ತು ಮಿದುಳು ಇಲ್ಲದ ಮೂಲಸ್ವರವನ್ನು ತಾವೇ ತುಂಬಿಕೊಳ್ಳುತ್ತವೆ. ಸಿದ್ಧ ಎಂಜಿನ್ನು ಕೊಂಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ದನಿ ಮೊದಲೇ ಚೆನ್ನಾಗಿರುತ್ತಿತ್ತು. ಚೆನ್ನಾಗಿರುವುದರ ಬಗ್ಗೆ ಯಾವ ಹುಡುಗ ಪ್ರಶ್ನೆ ಕೇಳುತ್ತಾನೆ?

ಇನ್ನು ಓಡಿಸುವ ವಿಚಾರ. ಇಲ್ಲಿ ನನ್ನ ಜಗಳ ಅಂಗಡಿಯಾತನೊಂದಿಗಲ್ಲ, ಹವ್ಯಾಸಿಗಳೊಂದಿಗೆ. ಒಂದು ಭಾನುವಾರ ಅವರ ಕೂಟಕ್ಕೆ ಹೋಗಿದ್ದೆವು. ಹತ್ತಾರು ಎಂಜಿನ್ನುಗಳು, ಎಲ್ಲವೂ ಪೆಟ್ಟಿಗೆಯಿಂದ ತೆಗೆದ ಹಾಗೆ, ಎಲ್ಲವೂ ಪೂರ್ಣ ಗದ್ದಲದಲ್ಲಿ. ಗುಂಡಿ ತಿರುವಿದ ಕೂಡಲೇ ಜಿಂಕೆಯಂತೆ ಜಿಗಿದೋಡುವ ಡೀಸೆಲ್ಲುಗಳು! ನೂರು ಟನ್ನಿಗೂ ಮೀರಿದ ಯಂತ್ರ ಹಾಗೆ ಓಡುತ್ತದೆಯೇ? ಅರಸೀಕೆರೆಯಲ್ಲಿ ಗಾಡಿ ಹೊರಡುವುದನ್ನು ಕಂಡವರು ಹೇಳಲಿ: ಮೊದಲು ಎಂಜಿನ್ನಿನ ದನಿ ಏರುತ್ತದೆ, ಕರಿಹೊಗೆ ಚಿಮ್ಮುತ್ತದೆ, ಕೊಂಡಿಗಳು ಒಂದೊಂದಾಗಿ ಬಿಗಿಯುತ್ತವೆ, ಆಮೇಲೆ ಚಕ್ರ ಉರುಳುತ್ತದೆ. ದನಿ ಮೊದಲು, ಚಲನೆ ಅನಂತರ.

ಇದನ್ನು ಸರಿಪಡಿಸಲು ಡಿಕೋಡರಿನಲ್ಲಿ ಸಿ.ವಿ. ಎಂಬ ಅಂಕಿಯ ಕೋಣೆಗಳಿವೆ. ಮೂರನೆಯ ಕೋಣೆಯಲ್ಲಿ ವೇಗ ಏರುವ ನಿಧಾನ, ನಾಲ್ಕನೆಯದರಲ್ಲಿ ಇಳಿಯುವ ನಿಧಾನ. ನಾವು ಹಾಕಿದ ಲೋಕ್‌ಸೌಂಡ್ ಬಿಲ್ಲೆಯಲ್ಲಿ 63ನೆಯ ಕೋಣೆ ಒಟ್ಟು ಗದ್ದಲದ್ದು. ಮೊಮ್ಮಗ ಅದನ್ನು ಅರ್ಧಕ್ಕೂ ಕೆಳಗಿಳಿಸಿದ, ತೋಳಿನಷ್ಟು ದೂರದಲ್ಲಿ ಕೇಳಿಸಿದರೆ ಸಾಕೆಂದು. ಎಂಟನೆಯ ಗುಂಡಿ ಒತ್ತಿ ಎಂಜಿನ್ನನ್ನು ಹೊತ್ತಿಸಿ, ಅದು ಕೆಮ್ಮಿ ಕನಲಿ ಸ್ಥಿರವಾಗುವವರೆಗೆ ಕಾಯುವುದನ್ನು ಕಲಿತ. ಹಾರನ್ ಎರಡನೆಯ ಗುಂಡಿ, ಗಂಟೆ ಒಂದನೆಯದು. ಅಮೆರಿಕದಲ್ಲಿ ಲೆವೆಲ್ ಕ್ರಾಸಿಂಗ್ ಬರುವ 15ರಿಂದ 20 ಸೆಕೆಂಡು ಮುಂಚೆ ದೀರ್ಘ, ದೀರ್ಘ, ಹ್ರಸ್ವ, ದೀರ್ಘ ಎಂದು ಕೂಗಿಸುವ ನಿಯಮವಿದೆ. ಕೊನೆಯ ದೀರ್ಘ ಎಂಜಿನ್ನು ರಸ್ತೆಯನ್ನು ಮುಟ್ಟುವವರೆಗೆ ಎಳೆಯಬೇಕು. ಛಂದಸ್ಸಿನ ಪ್ರಸ್ತಾರದಂತೆ ಅವನಿಗೆ ಗುರು ಲಘು ಹಾಕಿಕೊಟ್ಟೆ. ಎರಡೇ ದಿನದಲ್ಲಿ ಕರಗತವಾಯಿತು. ಕೂಟದ ಹಿರಿಯರೊಬ್ಬರು ಅದೇ ಹಾರನ್ನನ್ನು ಮದುವೆ ಮನೆಯ ಬ್ಯಾಂಡಿನಂತೆ ಊದಿಸುತ್ತಿದ್ದರು. ಅವರ ಎಂಜಿನ್ನಿನ ಬೆಲೆ ನಮ್ಮದರ ನಾಲ್ಕು ಪಟ್ಟು.

ಒಂದು ಸಂಗತಿ ಮಾತ್ರ ಹೇಳದಿರಲಾರೆ. ನಮ್ಮ ಎಂಜಿನ್ನು ಏರು ಹತ್ತುವಾಗ ದನಿ ತಾನಾಗಿಯೇ ಭಾರವಾಗುತ್ತದೆ. ಬಿಲ್ಲೆಗೆ ಏರು ಬಂತೆಂದು ತಿಳಿದದ್ದು ಹೇಗೆಂದು ಮೊಮ್ಮಗ ಕೇಳಿದ. ಅದು ಸೆಕೆಂಡಿಗೆ ಅನೇಕ ಸಲ, ಕಣ್ಣಿಗೆ ಕಾಣದಷ್ಟು ಅಲ್ಪಕಾಲ, ಮೋಟಾರಿಗೆ ಕೊಡುವ ವಿದ್ಯುತ್ತನ್ನು ನಿಲ್ಲಿಸುತ್ತದೆ. ಆ ಕ್ಷಣದಲ್ಲಿ ಅಯಸ್ಕಾಂತದ ನಡುವೆ ತಿರುಗುತ್ತಿರುವ ಮೋಟಾರು ಮೋಟಾರಾಗಿರದೆ ಡೈನಮೋ ಆಗುತ್ತದೆ. ಅದು ಹುಟ್ಟಿಸಿದ ವೋಲ್ಟನ್ನು ಅಳೆದು ವೇಗ ಕುಂದಿದೆಯೇ ಎಂದು ಬಿಲ್ಲೆ ತಿಳಿಯುತ್ತದೆ. ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದ ನನ್ನ ಡೈನಮೋ! ಅದನ್ನು ಅವನಿಗೆ ವಿವರಿಸುತ್ತ ನನ್ನ ಗಂಟಲು ಕಟ್ಟಿತು. ಹುಡುಗ ಶೀತವಾಯಿತೇ ಎಂದು ಕೇಳಿದ.

ನ್ಯಾಯವಾಗಿ ಒಪ್ಪಬೇಕಾದದ್ದನ್ನು ಒಪ್ಪುತ್ತೇನೆ. ಕಣ್ಣು ಮಂಜಾದವರು, ಕೈ ನಡುಗುವವರು ಸಿದ್ಧ ಎಂಜಿನ್ನು ಕೊಳ್ಳಲಿ. ನಾಳೆ ನಾನೂ ಕೊಂಡೇನು. 160ರಲ್ಲೊಂದು ಪಾಲಿನ ಪುಟಾಣಿ ಎಂಜಿನ್ನುಗಳಲ್ಲಿ ಬೆಸುಗೆ ಹಾಕುವುದು ಅಕ್ಕಸಾಲಿಗರ ಕೆಲಸ. ಈಚಿನ ಎಷ್ಟೋ ಎಂಜಿನ್ನುಗಳಲ್ಲಿ 21 ಕಡ್ಡಿಯ ಸಾಕೆಟ್ಟೇ ಇದ್ದು ಬಿಲ್ಲೆಯನ್ನು ಒತ್ತಿದರೆ ಕೂರುತ್ತದೆ. ಅದೂ ಒಳ್ಳೆಯದೇ, ಕವಚವನ್ನಾದರೂ ಬಿಚ್ಚಬೇಕಲ್ಲ. ಆದರೆ 'ಮಗುವಿನ ಕೈಗೆ ಕೊಡಬೇಡಿ, ಕೆಡಿಸುತ್ತದೆ' ಎಂಬ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಆ ಮಾತನ್ನು ಆಡಿದವನು ನಾನೇ. ನಿವೃತ್ತಿಯ ದಿನ ನನ್ನ ಕಪಾಟಿನ ಸಾಮಾನು ಒಂದೂ ಮುರಿದಿರಲಿಲ್ಲ. ರಿಜಿಸ್ಟರಿನಲ್ಲಿ ಎಲ್ಲ ಸರಿಯಾಗಿತ್ತು. ಆ ದಾಖಲೆಯ ಬಗ್ಗೆ ಅಂದು ಹೆಮ್ಮೆಪಟ್ಟಿದ್ದೆ.

ಹೊರಡುವ ಮುನ್ನ ಮೊಮ್ಮಗನಿಗೆ ಒಂದು ಕೆಲಸ ಒಪ್ಪಿಸಿ ಬಂದೆ. ಅವನ ಬಿಲ್ಲೆಯಲ್ಲಿರುವುದು ಅಮೆರಿಕದ ಆಲ್ಕೋ ದನಿ. ಕಂಪ್ಯೂಟರಿಗೆ ಜೋಡಿಸುವ ಒಂದು ಉಪಕರಣದಿಂದ ನಾವೇ ಮುದ್ರಿಸಿದ ದನಿಯನ್ನೂ ಅದಕ್ಕೆ ತುಂಬಬಹುದಂತೆ. ನಿಂತ ದನಿ ಬೇರೆ, ಎಂಟು ನಾಚ್‌ಗಳ ದನಿ ಬೇರೆ ಬೇರೆ, ಒಂದರಿಂದ ಇನ್ನೊಂದಕ್ಕೆ ಏರುವ ದನಿ ಬೇರೆ. ಎಲ್ಲವನ್ನೂ ಪ್ರತ್ಯೇಕವಾಗಿ ಹಿಡಿಯಬೇಕು. ನಮ್ಮ ಮಾರ್ಗಗಳ ವಿದ್ಯುದೀಕರಣ ಬಹುಪಾಲು ಮುಗಿದು, ಆಲ್ಕೋ ಎಂಜಿನ್ನುಗಳು ಒಂದೊಂದಾಗಿ ಗುಜರಿಗೆ ಸರಿಯುತ್ತಿವೆ. ಉಳಿದವುಗಳ ಬಳಿಗೆ ರೆಕಾರ್ಡರು ಹಿಡಿದು ಹೋಗುವುದು ನನ್ನ ಪಾಲು. ತುಂಬುವುದು ಅವನ ಪಾಲು.

ನಾನು ಊರಿಗೆ ಬಂದ ಮೇಲೆ ಮಗ ತನ್ನ ಮಾತಿನಂತೆ ಹುಡುಗನ ಹುಟ್ಟುಹಬ್ಬಕ್ಕೆ ಸೌಂಡ್ ಇರುವ ಸಿದ್ಧ ಎಂಜಿನ್ನೊಂದನ್ನು ತಂದುಕೊಟ್ಟನಂತೆ. ಮೊನ್ನೆ ಫೋನಿನಲ್ಲಿ ದೂರು ಹೇಳಿದ: 'ಅಪ್ಪಾ, ಒಂದು ವಾರವೂ ಆಗಿಲ್ಲ, ಆಗಲೇ ಅದರ ಕವಚ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾನೆ. ಸ್ಪೀಕರಿನ ಪೆಟ್ಟಿಗೆಯ ಸಂದಿಗೆ ಅವರು ಸರಿಯಾಗಿ ಅಂಟು ಹಾಕಿಲ್ಲವಂತೆ.'

'ಮೀಟರ್ ಹಚ್ಚಿ ನೋಡಿದನೋ ಕೇಳು' ಎಂದೆ.